ಲೆಕ್ಕಕ್ಕಿಲ್ಲದ ಒಲೆ

ಪ್ರಪಂಚದಲ್ಲಿ ಬೆರಳೆಣಿಕೆಯಷ್ಟು ಜನರ ಹತ್ತಿರ ಮಾತ್ರ ಇದ್ದ ಒಂದು ರಾಕ್ ಸಂಗೀತದ ಕ್ಯಾಸೆಟ್ಟು ಈಗ ಸಿರುಗುಪ್ಪ ತಾಲ್ಲೂಕಿನ ಕರೂರಿನಲ್ಲಿ, ಒಂದು ಭತ್ತದ ಗದ್ದೆಯಲ್ಲಿ, ಗುಬ್ಬಿ ಓಡಿಸುವ ನೌಕರಿ ಮಾಡುತ್ತಿದೆ. ಸಂಬಳವಿಲ್ಲ, ರಜೆಯೂ ಇಲ್ಲ. ನಂಬದಿದ್ದರೆ ಹೋಗಿ ನೋಡಿ ಬರಬಹುದು. ಕಾಲುವೆ ದಾಟಿದ ಮೇಲೆ ಎಡಗಡೆ ಎರಡನೆಯ ಮಡಿ.

ಅದು ಅಂಥಿಂಥ ಕ್ಯಾಸೆಟ್ಟಲ್ಲ. ಎಲ್ಲೋ ದೂರದೇಶದ ಒಂದು ಸಂಗೀತ ಕಛೇರಿಯಲ್ಲಿ ನಟ್ಟನಡುವೆ ಕರೆಂಟು ಹೋಗಿ, ಗಿಟಾರುಗಳೆಲ್ಲ ಮೂಕವಾಗಿ, ಹಾಡುವವನು ಮೈಕಿಲ್ಲದೆ ಗಂಟಲು ಹರಿಯುವ ಹಾಗೆ ಹಾಡಿದ್ದನ್ನು ಯಾವನೋ ಪುಣ್ಯಾತ್ಮ ಕೋಟಿನೊಳಗೆ ಯಂತ್ರ ಬಚ್ಚಿಟ್ಟುಕೊಂಡು ರೆಕಾರ್ಡು ಮಾಡಿದ್ದ. ಅದರ ನಕಲಿನ ನಕಲು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕೆಲಸಕ್ಕೆ ಬಂದಿದ್ದ ಒಬ್ಬ ಇಂಜಿನಿಯರ ಹತ್ತಿರ ಇತ್ತು. ಬಳ್ಳಾರಿಯ ಬ್ರೂಸ್‌ಪೇಟೆಯ ನಮ್ಮ ಪಾತ್ರೆ ಅಂಗಡಿಯಿಂದ ಐದು ಲೀಟರಿನ ಕುಕ್ಕರೊಂದನ್ನು ಕೊಟ್ಟು ನಾನು ಅದನ್ನು ಪಡೆದುಕೊಂಡೆ. ಆಗ ಅಂಗಡಿಯಲ್ಲಿ ಕೂರುತ್ತಿದ್ದ ನಮ್ಮಪ್ಪ, ಕುಕ್ಕರಾದರೆ ಸೀಟಿಯನ್ನಾದರೂ ಹೊಡೆಯುತ್ತಿತ್ತು ಎಂದಷ್ಟೇ ಹೇಳಿದರು.

ಅದನ್ನು ಗದ್ದೆಗೆ ಒಯ್ದವಳು ಹಂಪಮ್ಮ ಅತ್ತೆ, ನಮ್ಮಪ್ಪನ ತಂಗಿ. ಒಂದು ಸಲ ಬಳ್ಳಾರಿಗೆ ಬಂದಾಗ ಗೂಡಿನಲ್ಲಿದ್ದ ಕ್ಯಾಸೆಟ್ಟು ನೋಡಿ ಇದು ಹಾಡುತ್ತದೆಯೋ ಎಂದು ನನ್ನ ಹೆಂಡತಿಯನ್ನು ಕೇಳಿದ್ದಾಳೆ. ಹಾಡಿಸುವ ಯಂತ್ರವೇ ಕೆಟ್ಟು ಎಷ್ಟೋ ವರ್ಷವಾಯಿತು ಎಂದು ಇವಳು ಸತ್ಯವನ್ನೇ ಹೇಳಿದ್ದಾಳೆ. ಮುಂದಿನ ಸಲ ನಾನು ಕರೂರಿಗೆ ಹೋದಾಗ ತೆನೆ ಹಾಲು ತುಂಬಿದ ಗದ್ದೆಯ ಮೇಲೆ ಬಿದಿರಿನ ಕಡ್ಡಿಯಿಂದ ಕಡ್ಡಿಗೆ ಆ ಕಂದು ಟೇಪು ಎಳೆದು ಕಟ್ಟಿತ್ತು. ಗಾಳಿ ಬೀಸಿದಾಗ ಜುಂಯ್ ಎಂದು ಸದ್ದು. ನಾನು ಎದೆ ಹಿಡಿದುಕೊಂಡು ನಿಂತೆ. ಅತ್ತೆ ಬಹಳ ಖುಷಿಯಲ್ಲಿದ್ದಳು.

"ಚಲೋ ಹಾಡ್ತೈತಿ ಬಿಡು ಪಂಪಾ. ಒಂದು ಗುಬ್ಬಿ ಸೈತ ನಿಂದ್ರವಲ್ದು."

ಆ ತಂಡದ ಬಗ್ಗೆ ನಾನು ಓದಿದ ವಿಮರ್ಶೆಗಳಲ್ಲೆಲ್ಲ ಇದೇ ಚಿಕ್ಕದು.

ನನ್ನ ಸಮಸ್ಯೆ ಏನೆಂದರೆ, ಯಾರಿಗೂ ಬೇಡದ್ದೆಲ್ಲ ನನಗೆ ಬೇಕು. ಅಮೆರಿಕದ ಪಕ್ಷಗಳು ತಮ್ಮ ಅಭ್ಯರ್ಥಿಯನ್ನು ಆರಿಸುವಾಗ ಯಾವ ರಾಜ್ಯದ ಡೆಲಿಗೇಟುಗಳು ಯಾರ ಕಡೆ ಎಷ್ಟು ಎಂಬುದನ್ನು ಗಲ್ಲಾಪೆಟ್ಟಿಗೆಯ ಮುಂದೆ ಕೂತು ಬಾಯಿಪಾಠ ಹೇಳಬಲ್ಲೆ. ನಮ್ಮ ವಾರ್ಡಿನ ಕಾರ್ಪೊರೇಟರು ಯಾರೆಂದು ಕೇಳಿದರೆ ಹೆಂಡತಿಯನ್ನು ಕೂಗುತ್ತೇನೆ. ಯಾರೂ ಒಪ್ಪದ ದೇಶಗಳೆಂದರೆ ಇನ್ನೂ ಪ್ರಾಣ. ಕಪ್ಪು ಸಮುದ್ರದ ದಂಡೆಯಲ್ಲೊಂದು, ಆಫ್ರಿಕದ ಮೂಲೆಯಲ್ಲೊಂದು ಇವೆ. ಬಾವುಟವಿದೆ, ಅಧ್ಯಕ್ಷನಿದ್ದಾನೆ, ಸೀಟಿ ಊದುವ ಟ್ರಾಫಿಕ್ ಪೊಲೀಸನೂ ಇದ್ದಾನೆ. ಆದರೆ ಪಕ್ಕದ ದೇಶಗಳನ್ನು ಕೇಳಿದರೆ, ಅಲ್ಲಿ ಏನೂ ಇಲ್ಲವಲ್ಲ ಎನ್ನುತ್ತವೆ. ಮಗಳ ಹಳೆಯ ಅಟ್ಲಾಸಿನಲ್ಲಿ ಅವಕ್ಕೆಲ್ಲ ಪೆನ್ಸಿಲಿನಿಂದ ಗಡಿ ಹಾಕಿ ಕೊಟ್ಟವನು ನಾನೇ. ವಿಶ್ವಸಂಸ್ಥೆ ಮಾಡದ್ದನ್ನು ಬ್ರೂಸ್‌ಪೇಟೆಯ ಪಾತ್ರೆ ಅಂಗಡಿ ಮಾಡಿದೆ.

ಬಳ್ಳಾರಿಯಲ್ಲಿ ಹುಟ್ಟಿದವನಿಗೆ ಈ ಹುಚ್ಚು ಹಿಡಿಯದಿದ್ದರೇನೇ ಆಶ್ಚರ್ಯ ಅನ್ನಿ. ನಮ್ಮ ತಾತ ಹುಟ್ಟಿದ್ದು ಮದ್ರಾಸಿಗೆ ಸೇರಿದ ಊರಿನಲ್ಲಿ, ಅಪ್ಪ ಮೈಸೂರು ರಾಜ್ಯದಲ್ಲಿ, ನಾನು ಕರ್ನಾಟಕದಲ್ಲಿ. ಮೂವರೂ ಹುಟ್ಟಿದ್ದು ಒಂದೇ ಮನೆಯ ಒಂದೇ ಕೋಣೆಯಲ್ಲಿ. ಬೆಂಗಳೂರಿಗೆ ಹೋದರೆ ನೀವು ಆಂಧ್ರದವರಾ ಎನ್ನುತ್ತಾರೆ. ಆದೋನಿಗೆ ಹೋದರೆ ಮೀರು ಕನ್ನಡೋಳ್ಳಾ ಎನ್ನುತ್ತಾರೆ. ಎರಡೂ ಕಡೆ ಹ್ಞೂಂ ಎಂದು ತಲೆಯಾಡಿಸಿ ಪಾತ್ರೆ ಮಾರಿ ಬರುವುದೇ ನಮ್ಮ ವಿದೇಶಾಂಗ ನೀತಿ.

ಈಗ ನಮ್ಮ ಮನೆತನದ ವಿಷಯಕ್ಕೆ ಬರುತ್ತೇನೆ. ನಾವು ಗಂಟೇರ ಮನೆಯವರು. ಒಂದು ಕವಲು ಸಿರುಗುಪ್ಪದ ಸುತ್ತ, ಇನ್ನೊಂದು ಕುರುಗೋಡಿನಲ್ಲಿ. ನಮ್ಮಂಥ ಕೆಲವು ಮನೆಗಳು ಅಂಗಡಿ ನೌಕರಿ ಎಂದು ತಲೆಮಾರುಗಳ ಹಿಂದೆಯೇ ಬಳ್ಳಾರಿ ಸೇರಿವೆ. ಎಲ್ಲರಿಗೂ ಸೇರಿ ಒಂದು ಸಂಘವಿದೆ. ಆಸ್ತಿ ಎಂದರೆ ಜಮಖಾನೆ, ಅಡುಗೆಯ ದೊಡ್ಡ ಪಾತ್ರೆಗಳು, ಮತ್ತು ಅಧ್ಯಕ್ಷ ಎಂಬ ಒಂದು ಪದವಿ. ಜಗಳವೆಲ್ಲ ಮೂರನೆಯದಕ್ಕೆ.

ಅಧ್ಯಕ್ಷನನ್ನು ಆರಿಸುವವರು ಡೆಲಿಗೇಟುಗಳು, ಒಲೆಗೊಬ್ಬರ ಹಾಗೆ. ಮನೆಗೊಬ್ಬರಲ್ಲ, ಒಲೆಗೊಬ್ಬರು. ಒಂದೇ ಮನೆಯಲ್ಲಿ ಅಣ್ಣತಮ್ಮಂದಿರು ಬೇರೆ ಬೇರೆ ಅಡುಗೆ ಮಾಡಿದರೆ ಅದು ಎರಡು ಒಲೆ, ಎರಡು ವೋಟು. ಚುನಾವಣೆಗೆ ಮುಂಚೆ ಎಣಿಸುವವನೊಬ್ಬನನ್ನು ನೇಮಿಸುತ್ತಾರೆ. ಅವನು ಪ್ರತಿ ಒಲೆಯ ಮುಂದೆ ಕೂತು, ಆ ಒಲೆಯ ಮೇಲೆ ಕಾಸಿದ್ದನ್ನು ಕುಡಿಯಬೇಕು. ಕುಡಿದರೆ ಒಲೆ ಲೆಕ್ಕಕ್ಕೆ ಬಂತು. ಆಮೇಲೆ ಬಳ್ಳಾರಿಯಲ್ಲಿ ಸಭೆ ಸೇರಿದಾಗ ಅವನೇ ಹೆಸರು ಕೂಗುತ್ತಾನೆ. ಗಂಟೇರ ಇಂಥವನ ಮಗ ಇಂಥವನು, ಊರು ಇಂಥದ್ದು. ಅವರು ಹಾಜರ್ ಎನ್ನುತ್ತಾರೆ. ಆ ಕೂಗು ಬಿದ್ದರೆ ಮಾತ್ರ ಅವರು ಗಂಟೇರು.

ಹಂಪಮ್ಮ ಅತ್ತೆಯ ಹೆಸರನ್ನು ಆ ಸಭೆಯಲ್ಲಿ ಯಾರೂ ಕೂಗಿದ್ದಿಲ್ಲ. ಅವಳನ್ನು ಕುರುಗೋಡಿನ ಬೇರೆ ಮನೆತನಕ್ಕೆ ಕೊಟ್ಟಿದ್ದರು. ಗಂಡ ಬೇಗ ತೀರಿಹೋದ. ತಾತ ಗಾದಿಲಿಂಗಪ್ಪ ಕರೂರಿನಲ್ಲಿ ಒಂದು ತುಂಡು ಗದ್ದೆ, ಎರಡು ಅಂಕಣದ ಮನೆ ಕೊಟ್ಟು ಕರೆತಂದರು. ಅಂದಿನಿಂದ ಅವಳದೇ ಒಲೆ, ಅವಳದೇ ಅಡುಗೆ. ಆದರೆ ಕರೂರಿನವರಿಗೆ ಅವಳು ಇವತ್ತಿಗೂ ಕುರುಗೋಡಾಕಿ, ಕುರುಗೋಡಿಗೆ ಹೋದರೆ ಕರೂರಾಕಿ. ಸಂಘದವರನ್ನು ಕೇಳಿದರೆ, ಹೆಣ್ಣು ಕೊಟ್ಟಮೇಲೆ ಕೊಟ್ಟಂಗೇ ಎನ್ನುತ್ತಿದ್ದರು.

ಅವರ ಉಪಾಯ ನೋಡಿ. ಉಳಿದ ದಿನಗಳಲ್ಲಿ ಎಲ್ಲರೂ ಅವಳ ಮನೆಯಲ್ಲಿ ರೊಟ್ಟಿ ಮುರಿಯುವವರೇ. ಅವಳ ಪುಂಡಿಪಲ್ಯಕ್ಕೆ ದೇಶನೂರಿನಿಂದ ಗಾಡಿ ಮಾಡಿಕೊಂಡು ಬರುತ್ತಾರೆ. ಎಣಿಕೆಯ ದಿನ ಮಾತ್ರ ಹೊಸ್ತಿಲಲ್ಲೇ ನಿಂತು, ಒಂದು ಲೋಟ ನೀರು ಸಾಕವ್ವಾ ಎನ್ನುತ್ತಾರೆ. ಮನೆಯಲ್ಲಿ ಏನೂ ಮುಟ್ಟದೆ ಹೋದರೆಂಬ ತಪ್ಪೂ ಬರಬಾರದು, ಒಲೆಯೂ ಲೆಕ್ಕಕ್ಕೆ ಬರಬಾರದು. ನೀರು ಕಾಸಿದ್ದಲ್ಲವಲ್ಲ! ಅವಳು ಪ್ರತಿ ಸಲವೂ ಒಲೆ ಹಚ್ಚಿ ಚಹಾ ಇಟ್ಟು ಕಾಯುತ್ತಿದ್ದಳಂತೆ. ಅವರು ನೀರು ಕುಡಿದು ಹೋದ ಮೇಲೆ ಆ ಚಹಾವನ್ನು ತಾನೊಬ್ಬಳೇ ಕುಡಿಯುತ್ತಿದ್ದಳಂತೆ. ನನ್ನ ಹೆಸರೊಂದು ಕೂಗಲಿ, ನಾನು ಕೇಳಿ ಸಾಯಬೇಕು ಎಂದು ಒಮ್ಮೆ ನನ್ನ ಹೆಂಡತಿಯ ಹತ್ತಿರ ಅಂದಿದ್ದಳು. ಇವಳು ನನಗೆ ಹೇಳಿದಾಗ ನಾನು ಪೆನ್ಸಿಲು ಹಿಡಿದು ಯಾವುದೋ ದೇಶಕ್ಕೆ ಗಡಿ ಹಾಕುತ್ತಿದ್ದೆ.

ಈ ಸಲ ಎಣಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಅಮೆರಿಕದ್ದು ಎಣಿಸುವವನಿಗೆ ಸಿರುಗುಪ್ಪ ಯಾವ ಲೆಕ್ಕ ಎಂದು ಎಲ್ಲರೂ ನಕ್ಕರು. ಎಣಿಸುವವನ ಸ್ವಂತ ಒಲೆಗೆ ಆ ವರ್ಷ ವೋಟಿಲ್ಲ. ಅದನ್ನು ಕೇಳಿ ಹೆಂಡತಿ ಎರಡು ದಿನ ನನಗೆ ಚಹಾ ಕೊಡಲಿಲ್ಲ. ಲೆಕ್ಕಕ್ಕಿಲ್ಲದ ಒಲೆಯನ್ನು ಯಾಕೆ ಹಚ್ಚಬೇಕು ಎಂಬುದು ಅವಳ ವಾದ.

ಸ್ಪರ್ಧೆಗೆ ನಿಂತವರು ಇಬ್ಬರು. ಸಿರುಗುಪ್ಪದ ಎರ್ರಿಸ್ವಾಮಿ, ನನ್ನ ದೊಡ್ಡಪ್ಪನ ಮಗ, ಗೊಬ್ಬರದ ಅಂಗಡಿಯವನು. ಹಂಪಮ್ಮ ಅವನಿಗೂ ಅತ್ತೆಯೇ. ಇನ್ನೊಬ್ಬರು ಕುರುಗೋಡಿನ ದೊಡ್ಡಬಸಪ್ಪಣ್ಣ, ರಿಟೈರಾದ ಮೇಷ್ಟ್ರು. ಗಂಟೇರ ಮೂಲ ತುಂಗಭದ್ರೆಯ ದಂಡೆ ಎಂದು ಇವನು, ಕುರುಗೋಡಿನ ಗುಡ್ಡದ ಬುಡ ಎಂದು ಅವರು. ಎರ್ರಿಸ್ವಾಮಿ ವಿಜ್ಞಾನದಿಂದಲೇ ತೀರ್ಮಾನವಾಗಲಿ ಎಂದು ಡಿಎನ್‌ಎ ಪರೀಕ್ಷೆಯ ಡಬ್ಬಿ ತರಿಸಿದ. ಕೊಳವೆಗೆ ಉಗುಳಿ ಕಳಿಸಿದರೆ ನಿಮ್ಮ ಪೂರ್ವಿಕರು ಎಲ್ಲಿಯವರೆಂದು ಹೇಳುತ್ತಾರೆ. ಜನಸಮುದಾಯಗಳ ವಂಶವಾಹಿಯ ಬಗ್ಗೆ ಫೋನಿನಲ್ಲಿ ಹತ್ತಾರು ವಿಡಿಯೊ ನೋಡಿದ್ದ ನಾನೇ ತಜ್ಞ.

ಉಗುಳುವ ಮುಂಚೆ ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು ಎಂದು ಡಬ್ಬಿಯ ಮೇಲೆ ಬರೆದಿತ್ತು. ಬರೆದವನು ಸಿರುಗುಪ್ಪ ನೋಡಿದವನಲ್ಲ. ಎರ್ರಿಸ್ವಾಮಿಯ ಬಾಯಿ ಅರ್ಧ ಗಂಟೆ ಖಾಲಿ ಇರುವುದನ್ನು ಸಾಧಿಸಲು ನಾವು ಒಂದು ಇಡೀ ದಿನ ಹೆಣಗಿದೆವು. ಮೊದಲು ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಂತು. ಅದು ಮುಗಿದು ಇಪ್ಪತ್ತು ನಿಮಿಷವಾಯಿತು ಅನ್ನುವಷ್ಟರಲ್ಲಿ ಬೀಗರು ಬಂದರು, ಬೀಗರ ಜೊತೆ ಚಹಾ ಕುಡಿಯದಿದ್ದರೆ ಮರ್ಯಾದೆಯೇನು. ಆಮೇಲೆ ಎಲೆಅಡಿಕೆ. ಕೊನೆಗೆ ಅವನನ್ನು ಗೊಬ್ಬರದ ಗೋದಾಮಿನೊಳಗೆ ಕೂಡಿಹಾಕಿ ಹೊರಗಿನಿಂದ ಬೀಗ ಜಡಿದು ಉಗುಳು ಸಂಪಾದಿಸಿದೆ.

ಅಂದು ಅತ್ತೆಯೂ ಅಲ್ಲೇ ಇದ್ದಳು. ತಾನೂ ಉಗುಳುತ್ತೇನೆ ಎಂದಳು. ನಾನು ಮೇಷ್ಟ್ರ ಗತ್ತಿನಲ್ಲಿ ಪಾಠ ಶುರುಮಾಡಿದೆ. ಮನೆತನದ ಎಳೆ ಅಪ್ಪನಿಂದ ಮಗನಿಗೆ ಮಾತ್ರ ಹೋಗುವಂಥದ್ದು ಅತ್ತೀ, ಹೆಣ್ಣುಮಕ್ಕಳಲ್ಲಿ ಆ ಎಳೆ ಇರುವುದೇ ಇಲ್ಲ, ವಿಜ್ಞಾನವೇ ಹಾಗೆ ಹೇಳುತ್ತದೆ ಎಂದೆ. ಅವಳು ತನ್ನ ಮೂಗು ಮುಟ್ಟಿ ತೋರಿಸಿದಳು. ಗಂಟೇರ ಮೂಗು ಇಡೀ ಜಿಲ್ಲೆಯಲ್ಲಿ ಪ್ರಸಿದ್ಧ. ಮುಂದಿನ ಬಸ್‌ಸ್ಟಾಪಿನಲ್ಲಿ ನಮಗಿಂತ ಮೊದಲು ಅದು ಇಳಿಯುತ್ತದೆ.

"ಇದು ನಮ್ಮಪ್ಪನ ಮೂಗು ಹೌದೋ ಅಲ್ಲೋ? ಯಾವ ಎಳಿ ಹಿಡ್ಕೊಂಡು ಬಂದು ಕುಂತೈತಿಲೇ ಇಲ್ಲಿ?"

ನನ್ನ ವಿಡಿಯೊಗಳಲ್ಲಿ ಮೂಗಿನ ಅಧ್ಯಾಯ ಇನ್ನೂ ಬಂದಿರಲಿಲ್ಲ. ಅಪ್ಪನಿಂದ ಮಗಳಿಗೂ ಅರ್ಧ ಪಾಲು ಬರುತ್ತದೆ, ನಾನು ಹೇಳಿದ್ದು ಒಂದು ಎಳೆಯ ಮಾತು ಅಷ್ಟೇ ಎಂದು ತೊದಲಿದೆ. ಅವಳು ನನ್ನ ಮೂಗನ್ನು ಒಂದು ಸಲ ನೋಡಿ, ನಿನ್ನದಕ್ಕಿಂತ ನನ್ನದೇ ಉದ್ದ ಐತಿ ಎಂದು ಎದ್ದು ಹೋದಳು.

ಕೆಲವು ವಾರಗಳ ಮೇಲೆ ಫಲಿತಾಂಶ ಫೋನಿಗೆ ಬಂತು. ಒಂದು ನಕ್ಷೆ. ದಕ್ಷಿಣ ಭಾರತ ಪೂರ್ತಿ ಒಂದೇ ಬಣ್ಣ ಬಳಿದು ಬಿಟ್ಟಿದ್ದರು. ಸಿರುಗುಪ್ಪವೂ ಅದರಲ್ಲೇ, ಕುರುಗೋಡೂ ಅದರಲ್ಲೇ, ಆದೋನಿ, ಮದ್ರಾಸು ಎಲ್ಲ ಅದರಲ್ಲೇ. ಎರಡೂ ಕಡೆಯವರು ನಾವು ಗೆದ್ದೆವು ಎಂದು ವಾಟ್ಸಾಪಿನಲ್ಲಿ ಹಂಚಿಕೊಂಡರು.

ಆಮೇಲೆ ಎಣಿಕೆ. ಸಿರುಗುಪ್ಪದಲ್ಲಿ ನಾನು ನೋಡಿದ ವೈಭವ ಏನು ಹೇಳಲಿ. ನಿನ್ನೆಯವರೆಗೆ ಒಟ್ಟಿಗೆ ಉಣ್ಣುತ್ತಿದ್ದ ಅಣ್ಣತಮ್ಮಂದಿರು ಅಂದು ಬೆಳಿಗ್ಗೆ ಬೇರೆಯಾಗಿದ್ದರು. ಅಡುಗೆಮನೆಯಲ್ಲಿ ಒಂದು ಒಲೆ, ಮೆಟ್ಟಿಲ ಕೆಳಗೆ ಒಂದು, ಮಾಳಿಗೆಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ಇನ್ನೊಂದು. ಮೂರರ ಮುಂದೆಯೂ ಕೂತು ಕುಡಿದೆ. ಮೂರರಲ್ಲೂ ಅದೇ ಏಲಕ್ಕಿ, ಅದೇ ಸೀದ ಹಾಲು. ಕುರುಗೋಡಿನವರು ಇದನ್ನು ಕೇಳಿ ಛೀಮಾರಿ ಹಾಕಿದರು. ಅವರಲ್ಲಿಗೆ ಹೋದರೆ ದನದ ಕೊಟ್ಟಿಗೆಯಲ್ಲೂ ಒಂದು ಒಲೆ ಉರಿಯುತ್ತಿತ್ತು. ಎಮ್ಮೆ ನನ್ನನ್ನು ಬಹಳ ಸಂಕಟದಿಂದ ನೋಡಿತು. ಪಾತ್ರೆ ವ್ಯಾಪಾರಿಯಾಗಿ ನನಗೇನೂ ನಷ್ಟವಾಗಲಿಲ್ಲ. ಆ ವಾರ ಚಹಾದ ಬೋಗುಣಿಗಳು ಚೆನ್ನಾಗಿ ಹೋದವು.

ಕರೂರಿನಲ್ಲಿ ಉಳಿದ ಒಲೆಗಳನ್ನೆಲ್ಲ ಮುಗಿಸಿ ಅತ್ತೆಯ ಹೊಸ್ತಿಲಿಗೆ ಬಂದೆ. ಕುಡಿದ ಚಹಾ ಹೊಟ್ಟೆಯಲ್ಲಿ ತುಂಬಿದ ಕೊಡದ ನೀರಿನ ಹಾಗೆ ತುಳುಕುತ್ತಿತ್ತು. ಜೊತೆಗೆ ಎರ್ರಿಸ್ವಾಮಿಯೂ ಇದ್ದ. ಒಳಗೆ ಒಲೆ ಉರಿಯುತ್ತಿತ್ತು, ಮೇಲೆ ಚಹಾ ಕುದಿಯುತ್ತಿತ್ತು. ಎರ್ರಿಸ್ವಾಮಿ ಮೆಲ್ಲಗೆ ನನ್ನ ಅಂಗಿ ಜಗ್ಗಿದ. ನನ್ನ ಬಾಯಿಂದ ಬಂದದ್ದೂ ಅದೇ ಮಾತು. ನೀರು ಸಾಕು ಅತ್ತೀ ಎಂದೆ. ಯಾರೂ ಒಪ್ಪದ ದೇಶಗಳಿಗೆಲ್ಲ ಗಡಿ ಹಾಕಿಕೊಟ್ಟ ಮಹಾನುಭಾವ ನಾನು.

ಅವಳು ನೀರು ತರಲಿಲ್ಲ. ಚಹಾ ಲೋಟಕ್ಕೆ ಬಗ್ಗಿಸಿ ತಂದು ನನ್ನ ಮುಂದೆ ಹಿಡಿದಳು.

"ಕುಡಿಯೋದಾದ್ರ ಕುಡಿ ಪಂಪಾ. ಇಲ್ಲಾಂದ್ರ, ನೀನು ನಮ್ಮಾಕಿ ಅಲ್ಲ ಅಂತ ಬಾಯಿ ಬಿಟ್ಟು ಹೇಳು. ನೀರು ಕೇಳಬ್ಯಾಡ. ನೀರು ಕೊಟ್ಟು ಕೊಟ್ಟು ಸಾಕಾಗೈತಿ."

ಅವಳ ಮುಖ ನೋಡಿಕೊಂಡು ಆ ಮಾತು ಹೇಳುವ ಗಂಡಸು ಗಂಟೇರಲ್ಲಿ ಇನ್ನೂ ಹುಟ್ಟಿಲ್ಲ. ಅದಕ್ಕೇ ಅಲ್ಲವೇ ಎಲ್ಲರೂ ನೀರು ಕುಡಿದು ಹೋಗುತ್ತಿದ್ದದ್ದು. ನನಗೆ ನಾಚಿಕೆಯಾಯಿತು. ಒಳಗೆ ಹೋಗಿ ಒಲೆಯ ಮುಂದೆ ಕೂತೆ. ಅವಳು ಸಕ್ಕರೆ ಹಾಕುವುದನ್ನು ಮರೆತಿದ್ದಳು. ಪೂರ್ತಿ ಕುಡಿದೆ.

ಗುರುವಾರ ನಾನು ಆ ಚಹಾ ಕುಡಿದೆ. ಅಂದೇ ಎರಡೂ ಕಡೆಯವರು ನನ್ನ ಮೇಲೆ ಮುಗಿಬಿದ್ದರು. ಸಂಪ್ರದಾಯ ಕೆಡಿಸಿದ, ಕುಕ್ಕರು ಕೊಟ್ಟು ಕ್ಯಾಸೆಟ್ಟು ತಂದವನಿಗೆ ಎಣಿಕೆ ಒಪ್ಪಿಸಿದ್ದೇ ತಪ್ಪು ಎಂದೆಲ್ಲ ವಾಟ್ಸಾಪ್ ಗುಂಪಿನಲ್ಲಿ ಬರೆದರು. ಶುಕ್ರವಾರ ಅಭ್ಯರ್ಥಿಗಳಿಬ್ಬರೂ ಕೂತು ತಮ್ಮ ತಮ್ಮ ಒಲೆಗಳನ್ನು ಎಣಿಸಿಕೊಂಡಿರಬೇಕು. ಅತ್ತೆಯದನ್ನು ಬಿಟ್ಟರೆ ಸಿರುಗುಪ್ಪದ ಕಡೆ ಇಪ್ಪತ್ತನಾಲ್ಕು, ಕುರುಗೋಡಿನ ಕಡೆ ಇಪ್ಪತ್ತನಾಲ್ಕು. ಶನಿವಾರ ಬೆಳಿಗ್ಗೆ ಎರ್ರಿಸ್ವಾಮಿ ಕರೂರಿಗೆ ಹೋಗಿ, ನೀನು ನಮ್ಮ ಮನೆಯ ಮಗಳು ಅತ್ತೀ, ಯಾವನು ಇಲ್ಲ ಅಂತಾನೆ ನೋಡ್ತೀನಿ ಎಂದು ತೋಳು ಏರಿಸಿದನಂತೆ. ಮಧ್ಯಾಹ್ನ ದೊಡ್ಡಬಸಪ್ಪಣ್ಣ ಹಣ್ಣಿನ ಬುಟ್ಟಿ ತೆಗೆದುಕೊಂಡು ಹೋಗಿ, ನಮ್ಮೂರಿನಲ್ಲಿ ಬಾಳಿದಾಕಿ ನೀನು, ನಮ್ಮನ್ನು ಮರೆಯಬೇಡ ಎಂದರಂತೆ. ಇಬ್ಬರಿಗೂ ಅವಳು ಚಹಾ ಕೊಟ್ಟಳು. ಇಬ್ಬರೂ ಮೇಲೆಬಿದ್ದು ಕೇಳಿ ಇನ್ನೊಂದು ಲೋಟ ಹಾಕಿಸಿಕೊಂಡರು. ನನಗೆ ಇದೇನೂ ಹೊಸದಲ್ಲ. ದೊಡ್ಡ ದೇಶಗಳು ಪುಟ್ಟ ದೇಶಗಳನ್ನು ಒಪ್ಪಿಕೊಳ್ಳುವುದೂ ಹೀಗೇ, ತಮಗೆ ಕಷ್ಟ ಬಂದಾಗ. ಭಾನುವಾರದ ಸಭೆಗೆ ಮುಂಚೆಯೇ ಅತ್ತೆಯ ಒಲೆಯನ್ನು ಎರಡೂ ಕಡೆಯವರು ಸರ್ವಾನುಮತದಿಂದ ಒಪ್ಪಿದ್ದರು.

ಯಾರು ಗೆದ್ದರು ಎಂದು ನೀವು ಕೇಳುತ್ತೀರಿ, ಅದನ್ನು ಹೇಳಿ ಮುಗಿಸಿಬಿಡುತ್ತೇನೆ. ಯಾರೂ ಗೆಲ್ಲಲಿಲ್ಲ. ಎರ್ರಿಸ್ವಾಮಿಗೆ ಇಪ್ಪತ್ತನಾಲ್ಕು ಕೈ ಎದ್ದವು, ದೊಡ್ಡಬಸಪ್ಪಣ್ಣನಿಗೆ ಇಪ್ಪತ್ತನಾಲ್ಕು. ಅತ್ತೆಯ ಕೈ ಎರಡು ಸಲವೂ ತೊಡೆಯ ಮೇಲೇ ಇತ್ತು. ಎರ್ರಿಸ್ವಾಮಿ ಸಭೆಯ ನಡುವೆಯೇ ಅವಳ ಹತ್ತಿರ ಹೋಗಿ ಬೇಡಿಕೊಂಡ. ನೀವು ಯಾರಾದರೂ ಆಗ್ರಪಾ, ನಾನು ಬಂದಿದ್ದ ಕೆಲಸ ಆಯಿತು ಎಂದಳು. ಅರ್ಧ ಅವಧಿ ಇವನು, ಅರ್ಧ ಅವಧಿ ಅವರು ಎಂದು ರಾಜಿಯಾಯಿತು. ಈಗ ಒಂದೇ ಫ್ಲೆಕ್ಸಿನಲ್ಲಿ ಇಬ್ಬರು ಅಧ್ಯಕ್ಷರು ನಗುತ್ತಿದ್ದಾರೆ.

ಅವಳು ಬಂದಿದ್ದ ಕೆಲಸ ಅದಕ್ಕೂ ಮುಂಚೆ ಆಗಿತ್ತು.

ಸಭೆ ಶುರುವಾದಾಗ ನಾನು ಎದ್ದು ನಿಂತು ಹೆಸರು ಕೂಗತೊಡಗಿದೆ. ಇಂಥವನ ಮಗ ಇಂಥವನು. ಹಾಜರ್. ಇಂಥವನ ಮಗ ಇಂಥವನು. ಹಾಜರ್. ಕೆಲವರು ಫೋನು ನೋಡುತ್ತಲೇ, ಕೆಲವರು ಆಕಳಿಸುತ್ತಲೇ ಹಾಜರ್ ಎಂದರು. ಅಡುಗೆಮನೆಯ ಕಡೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು, ಎಲ್ಲರ ಮನಸ್ಸೂ ಅಲ್ಲೇ. ಕರೂರಿನ ಸರದಿ ಬಂತು. ಗಂಟೇರ ಗಾದಿಲಿಂಗಪ್ಪನ ಮಗ ಎಂದುಬಿಟ್ಟೆ. ಅಷ್ಟು ಹೊತ್ತು ಒಂದೇ ರಾಗ ಹಾಡಿದ ನಾಲಿಗೆ, ಬೇರೆ ಶಬ್ದ ಅದಕ್ಕೆ ಗೊತ್ತೇ ಇರಲಿಲ್ಲ. ನಿಲ್ಲಿಸಿದೆ. ಸಭೆಯೂ ತಲೆ ಎತ್ತಿತು.

"ಗಂಟೇರ ಗಾದಿಲಿಂಗಪ್ಪನ ಮಗಳು ಹಂಪಮ್ಮ. ಊರು ಕರೂರು."

ಹಿಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ ಅವಳು ಕೂತಿದ್ದಳು. ಕಾಲುವೆಯ ಆಚೆಗೆ ನಿಂತವರನ್ನು ಈಚೆಯಿಂದ ಬೈಯುವ ಗಂಟಲು ಅದು. ಅವತ್ತು ತುಟಿ ಆಡಿತು, ದನಿ ಬರಲಿಲ್ಲ. ದೊಡ್ಡಬಸಪ್ಪಣ್ಣ ತಾವೇ ಹಾಜರ್ ಎನ್ನಲು ಬಾಯಿ ತೆರೆದರು. ನಾನು ಕೈ ಅಡ್ಡ ಹಿಡಿದೆ. ಬೇರೆಯವರು ಅವಳ ಪರವಾಗಿ ಮಾತಾಡಿದ್ದು ಸಾಕಾಗಿತ್ತು. ಇನ್ನೊಮ್ಮೆ ಕೂಗಿದೆ, ತಾತನ ಹೆಸರಿನಿಂದ ಹಿಡಿದು.

ಅಷ್ಟು ಜನ ಗಂಡಸರಲ್ಲಿ ಒಬ್ಬನೂ ಹಾಜರ್ ಎನ್ನಲು ಎದ್ದು ನಿಂತಿರಲಿಲ್ಲ. ಅವಳು ಮುಂದಿನ ಕುರ್ಚಿ ಹಿಡಿದು ಎದ್ದಳು. ಸೆರಗು ಸರಿಮಾಡಿಕೊಂಡಳು.

"ಅದೀನಿ," ಎಂದಳು.

ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಪೆನ್ಸಿಲಿನಿಂದ ಗುರುತು ಹಾಕಿ ಮುಂದಿನ ಹೆಸರು ಕೂಗಿದೆ.